ಮೀಸೆ ಹೋದ ಮುಂಜಾನೆ

ಮಗನಿಗೆ ಗಡ್ಡ ಹೆರೆಯಲು ಕಲಿಸುವುದೇನು ಮಹಾ ಕೆಲಸ? ನಮ್ಮನೆಯವರ ಕೈಗೆ ಸಿಕ್ಕರೆ ಅದೂ ಮಹಾ ಕೆಲಸವೇ.

ಐಟಿಐ ಮುಗಿಸಿದ ಮಾರೇಶ ಅಂದು ತೋರಣಗಲ್ಲಿನ ಫ್ಯಾಕ್ಟರಿಗೆ ಸೇರಬೇಕಿತ್ತು. ಸಲೂನಿಗೆ ಹೋಗಿಬರುತ್ತೇನೆ ಎಂದ. ಇವರು ಬಿಡಬೇಕಲ್ಲ! ತಮ್ಮಪ್ಪನ ಕಾಲದ ಮಡಚುವ ಕತ್ತಿ ತೆಗೆದು, ಚರ್ಮದ ಪಟ್ಟಿಗೆ ಉಜ್ಜಿ, ಹುಡುಗನ ಮುಖಕ್ಕೆಲ್ಲ ಸೋಪಿನ ನೊರೆ ಬಳಿದರು.

"ಚರ್ಮ ಜಗ್ಗಿ ಹಿಡಿಲೇ. ಅಡ್ಡ ಎಳಿಬ್ಯಾಡ. ಹಗೂರಕ!"

ಒಂದು ಕೆನ್ನೆ ಮಾಡಿ ತೋರಿಸುವಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಅದಿರು ಸಾಗಿಸಲು ಯಾರಿಗೋ ನಮ್ಮ ಲಾರಿ ಬೇಕಂತೆ. ಗಣಿ ಜೋರಾದಾಗಿನಿಂದ ಇವರಿಗೆ ಫೋನೇ ದೇವರು. ಕತ್ತಿಯನ್ನು ಮಗನ ಕೈಗೆ ಕೊಟ್ಟು ಅಂಗಳಕ್ಕೆ ಹೋದರು.

ಹುಡುಗ ಹುಮ್ಮಸ್ಸಿನಲ್ಲಿ ನೊರೆ ಇದ್ದಲ್ಲೆಲ್ಲ ಕತ್ತಿ ಆಡಿಸಿದ. ಮೀಸೆಯೂ ಹೋಯಿತು. ನಮ್ಮಲ್ಲಿ ಅಪ್ಪ ಸತ್ತರೆ ಮಗ ಮೀಸೆ ತೆಗೆಯುತ್ತಾನೆ.

"ಅಯ್ಯಯ್ಯೋ, ನನ್ನ ಮಗ ಗಟ್ಟಿಮುಟ್ಟ ಅದಾನಲ್ಲೋ!" ಎಂದು ಅತ್ತೆ ಊರಮ್ಮ ಎದೆ ಬಡಿದುಕೊಂಡರು. ಕೂಗು ಕೇಳಿ ಪಕ್ಕದ ಮನೆಯ ಹೊನ್ನೂರಪ್ಪ ಹಿತ್ತಲ ಬಾಗಿಲಿನಿಂದ ಓಡಿಬಂದು ಮಾರೇಶನ ಮುಖ ನೋಡಿದ.

"ಮೂಕಣ್ಣ ಯಾವಾಗ ಹೋದ್ನವ್ವಾ?"

"ಎಲ್ಲಿಗೂ ಹೋಗಿಲ್ಲಲೇ, ಇಲ್ಲೇ ಅದೀನಿ!" ಎಂದು ಇವರು ಅಂಗಳದಿಂದಲೇ ಗುಡುಗಿದರು.

ಮಾರೇಶ ಮೂಲೆ ಹಿಡಿದು ಕೂತ. "ಬಸ್ಸಿನ್ಯಾಗ ಎಲ್ರೂ ಹಿಂಗ ಕೇಳ್ತಾರ. ನಾ ಹೋಗಂಗಿಲ್ಲ."

ಇವತ್ತು ಹೋಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ನಾನು ಅಂಗಳಕ್ಕೆ ನುಗ್ಗಿದೆ.

"ಕಲಿಸಾಕ ಕುಂತೋರು ಕುಂತು ಕಲಿಸಬೇಕ್ರಿ! ಫೋನಿಗೇನು ಮಗ ಹುಟ್ಟ್ಯಾನ?"

ಇವರು ಫೋನ್ ಆರಿಸಿ ಒಳಗೆ ಬಂದು, ಕತ್ತಿ ಹಿಡಿದು ಕನ್ನಡಿ ಮುಂದೆ ಕೂತರು. ದಿನಾ ಎಣ್ಣೆ ಹಚ್ಚಿ ತೀಡುತ್ತಿದ್ದ ಗಿರಿಜಾ ಮೀಸೆ ಕೆಳಗೆ ಬಿತ್ತು.

"ಏಳಲೇ, ಬಸ್ ತನಕ ನಾನೂ ಬರ್ತೀನಿ. ಅಪ್ಪ ಎಲ್ಲಿ ಅಂದ್ರ ನನ್ನ ತೋರ್ಸು. ನಿನ್ನಂಗ ನಾನೂ ಬೋಳು."

"ಥೂ ನಿನ್ನ!" ಎಂದರು ಅತ್ತೆ. "ಈಗ ಊರವ್ರು ನಾ ಸತ್ತೆ ಅಂತಾರ! ತಾಯಿ ಸತ್ರೂ ಮೀಸಿ ತೆಗೀತಾರಲ್ಲೋ ಮಬ್ಬ!"

ಬೈಯುತ್ತಲೇ ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದರು. "ನಡೀರಿ, ನಾನೂ ಬರ್ತೀನಿ."

ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಜನ ಮುಖ ಸಣ್ಣ ಮಾಡಿಕೊಂಡು ನಮ್ಮ ನಾಲ್ವರ ಹತ್ತಿರ ಬಂದರು. ಅತ್ತೆ ಮುಂದೆ ನಿಂತು ಕೂಗಿದರು: "ಯಾರೂ ಸತ್ತಿಲ್ರಪೋ! ನಾನು ಅದೀನಿ, ಇವನೂ ಅದಾನ. ಮಮ್ಮಗ ಕೆಲಸಕ್ಕ ಹೊಂಟಾನ!"

ಬಸ್ಸಿಗೆ ಬಸ್ಸೇ ನಕ್ಕಿತು. ಮಾರೇಶ ಮುಖ ಮುಚ್ಚಿಕೊಂಡ. ಆಮೇಲೆ ತಾನೂ ನಗುತ್ತಾ ಹತ್ತಿದ. ಬಸ್ ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಅಪ್ಪಾ, ಸಂಜಿಕ ಬರೋ ಬಸ್ಸಿಗೂ ಎಲ್ರೂ ಬರ್ರಿ!"