ಕ್ನಾಪ್ ಮನೆಯ ಗಾಳಿಕಿಂಡಿ

“ಈ ಗಾಳಿಕಿಂಡಿಗೆ ಬಟ್ಟೆ ತುರುಕಿದವರು ಯಾರಪ್ಪಾ?”

ನೆಲಮಾಳಿಗೆಯಲ್ಲಿ ಯಾರೂ ಇಲ್ಲವೆಂದುಕೊಂಡೇ ಹಾಗೆ ಗಟ್ಟಿಯಾಗಿ ಕೇಳಿದ್ದೆ. ಚಿಮಣಿ ಗುಡಿಸುವ, ಮನೆ ಬೆಚ್ಚಗಿಡುವ ಯಂತ್ರಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಬಾಯ್ಲರುಗಳ ಜೊತೆ ಮಾತಾಡುವುದು ರೂಢಿಯಾಗಿಬಿಟ್ಟಿದೆ. ಗ್ಯಾಸ್ ಉರಿಯುವ ಕೋಣೆಗೆ ಹೊರಗಿನ ಗಾಳಿ ಬರಲೇಬೇಕು. ಇಲ್ಲದಿದ್ದರೆ ವಾಸನೆಯಿಲ್ಲದ ವಿಷ ತುಂಬಿಕೊಳ್ಳುತ್ತದೆ, ಮಲಗಿದವರು ಏಳುವುದಿಲ್ಲ. ಇಲ್ಲಿ ಹಳೆಯ ಟವೆಲುಗಳನ್ನು ಕಿಂಡಿಯ ತುಂಬ ತುರುಕಿ ಮೇಲೆ ಅಗಲವಾದ ಟೇಪು ಅಂಟಿಸಿದ್ದರು. ಆ ವಿಷ ಅಳೆಯುವ ನನ್ನ ಯಂತ್ರ ಆಗಲೇ ಕಿರುಗುಟ್ಟುತ್ತಿತ್ತು.

ಟೇಪು ಕಿತ್ತು ಟವೆಲುಗಳನ್ನು ಎಳೆದೆ. ಜನವರಿಯ ಗಾಳಿ ಮುಖಕ್ಕೆ ಬಡಿಯಿತು. ಆಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

ಬಾಯ್ಲರಿನ ಆಚೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರು. “ಅದರ ಹಿಂದೆ ಬರೀ ಹಳೇ ಸಾಮಾನು” ಎಂದಿದ್ದ ಮನೆಯೊಡೆಯ ಕ್ನಾಪ್. ಸರಿಸಿ ನೋಡಿದೆ. ನೆಲದ ಮೇಲೆ ಆರು ಹಾಸಿಗೆ. ಐದರಲ್ಲಿ ಹೆಂಗಸರು ಮುಸುಕೆಳೆದು ಮಲಗಿದ್ದರು, ಬೆಳಗ್ಗೆ ಹತ್ತು ಗಂಟೆಯಲ್ಲಿ. ಆರನೆಯವಳು ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಮೂವತ್ತರ ಆಸುಪಾಸು. ಬೆರಳುಗಳೆಲ್ಲ ಸೋಪಿನ ನೀರಿಗೆ ಬಿರಿದಿದ್ದವು.

“ಮುಚ್ಚಿ,” ಎಂದಳು ಪಿಸುದನಿಯಲ್ಲಿ. ನಮ್ಮ ಭಾಷೆ ಅವಳಿಗೆ ಅರೆಬರೆ. “ಮಾತು ಹೊರಗೆ ಹೋಗ್ಬಾರ್ದು ಅಂತ ಅವರೇ ಮುಚ್ಚಿದ್ದು. ಬಯ್ತಾರೆ.”

ನಾನು ಮಲಗಿದ್ದವರ ಕಾಲು ಹಿಡಿದು ಅಲುಗಿಸಿದೆ. ನಾಲ್ವರು ಮಿಸುಕಿದರು. ಐದನೆಯವಳನ್ನು ಮೂರು ಸಲ ಅಲುಗಿಸಬೇಕಾಯಿತು. ಆಮೇಲೆ ನರಳಿ, ತಲೆ ಹಿಡಿದುಕೊಂಡು ಮಗ್ಗುಲಾದಳು.

ಕಳೆದ ಶರತ್ಕಾಲದಲ್ಲಿ ನಮ್ಮ ಚಿಮಣಿ ಕೆಲಸದವರ ಸಂಘದ ಸಭೆಗೆ ಟಿಲ್ಮಾನ್ ಎಂಬ ಪೊಲೀಸ್ ಅಧಿಕಾರಿಣಿ ಬಂದು, ಯಾರದೋ ಹಿಡಿತಕ್ಕೆ ಸಿಕ್ಕಿ ದುಡಿಯುವವರ ಬಗ್ಗೆ ಹೇಳಿದ್ದರು. “ಡಾಕ್ಟರ ಹತ್ತಿರ ಇಂಥವರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನೀವು ಮಾತ್ರ ಪ್ರತಿ ಮನೆಯೊಳಗೂ ಹೋಗ್ತೀರಿ. ಕಾನೂನು ಪ್ರಕಾರ ಯಾರೂ ನಿಮ್ಮನ್ನ ತಡೆಯೋ ಹಾಗಿಲ್ಲ,” ಎಂದಿದ್ದರು. ಗಮನಿಸಬೇಕಾದ ಗುರುತುಗಳನ್ನೂ ಹೇಳಿದ್ದರು: ಹೊರಗಿನಿಂದ ಚಿಲಕವಿರುವ ಕೋಣೆ, ಇನ್ನೊಬ್ಬರ ಕೈಲಿರುವ ಪಾಸ್‌ಪೋರ್ಟು, ಎಲ್ಲರ ಪರವಾಗಿ ಒಬ್ಬನೇ ಆಡುವ ಮಾತು. ನೋಡಿ, ನೆನಪಿಟ್ಟುಕೊಳ್ಳಿ, ಹೊರಗೆ ಬಂದು ಫೋನ್ ಮಾಡಿ. ಅನುಮಾನ ತೋರಿಸಬೇಡಿ, ಬಿಡಿಸುತ್ತೇನೆಂದು ಆ ಜನಕ್ಕೆ ಮಾತು ಕೊಡಬೇಡಿ. ಹಿಂದಿನ ಸಾಲಿನಿಂದ ಯಾರೋ, “ಮಸಿ ಗುಡಿಸೋದೇ ಸಾಕಾಗಿದೆ ತಾಯಿ, ಇನ್ನು ಪತ್ತೇದಾರಿ ಬೇರೆ!” ಎಂದು ಎಲ್ಲರನ್ನೂ ನಗಿಸಿದ್ದ. ನಾನೂ ನಕ್ಕಿದ್ದೆ.

“ನಿಮ್ಮ ಹೆಸರು?”

“ಇಲಿಂಕಾ. ದೇಶ ಮೊಲ್ದೋವಾ.”

“ಪಾಸ್‌ಪೋರ್ಟ್ ಎಲ್ಲಿದೆ?”

“ಅವರ ಹತ್ರ. ಮಗಳ ಫೋಟೋನೂ ಅವರ ಹತ್ರ. ಅವಳ ಸ್ಕೂಲು ಯಾವ್ದು ಅಂತ ಗೊತ್ತು ಅಂತಾರೆ.” ಬಾಗಿಲ ಕಡೆ ನೋಡಿ ದನಿ ಇನ್ನೂ ಇಳಿಸಿದಳು. “ರಾತ್ರಿ ಹೋಟೆಲ್ ಅಡುಗೆಮನೆ ತೊಳೀತೀವಿ. ಇವತ್ತು ಹನ್ನೊಂದಕ್ಕೆ ವ್ಯಾನು. ಬೇರೆ ದೇಶ. ಯಾವ್ದು ಅಂತ ಹೇಳಿಲ್ಲ.”

ನಾನು ಹನ್ನೊಂದರ ನಂತರ ಬರುತ್ತೇನೆಂದು ಮೊದಲೇ ಈ ಮನೆಯ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದೆ. ಪಕ್ಕದ ಮನೆಯವರು ಊರಲ್ಲಿಲ್ಲದೆ ಒಂದು ಗಂಟೆ ಮುಂಚೆ ಬಂದಿದ್ದೆ, ಅಷ್ಟೇ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಪರದೆ ಎಳೆದು ಯಂತ್ರದ ಮುಂದೆ ಕುಕ್ಕರಿಸಿದೆ.

“ಏನ್ ಐಸೆಲೆ ಅವ್ರೇ, ನಮ್ಮ ಬಾಯ್ಲರ್ ಜೊತೆ ಹರಟೇನಾ?” ಕ್ನಾಪ್ ನಗುತ್ತ ಬಂದ. ದಪ್ಪ ಸ್ವೆಟರು, ಕೈಯಲ್ಲಿ ಕಾಫಿ ಲೋಟ. “ಯಾರ ಜೊತೆಗೋ ಮಾತಾಡ್ತಿದ್ರಿ.”

“ಒಬ್ಬಳೇ ಬಡಬಡಿಸ್ತೀನಿ. ನಮ್ಮ ಮನೆಯವರೂ ಬೈತಾರೆ.”

ಅವನ ಕಣ್ಣು ತೆರೆದ ಕಿಂಡಿಯ ಮೇಲೆ ನಿಂತಿತು. ನಗು ಹಾಗೇ ಇತ್ತು, ಕಣ್ಣು ಮಾತ್ರ ನಗಲಿಲ್ಲ.

“ಇದು ತೆರೆದೇ ಇರ್ಬೇಕು,” ಎಂದೆ. “ಎಲ್ಲ ಮನೆಯಲ್ಲೂ ಚಳಿ ಅಂತ ಮುಚ್ಚಿಬಿಡ್ತಾರೆ. ಇನ್ನು ಮೇಲಿನ ಒಲೆಯ ಚಿಮಣಿ ಒಂದು ಗುಡಿಸಿದ್ರೆ ಮುಗೀತು.”

“ಇವತ್ತೇ ಬೇಕಾ? ಬಿಡ್ರೀ, ಮುಂದಿನ ವಾರ ನೋಡೋಣ.”

“ಇನ್ನೊಂದು ಸಲ ಬಂದ್ರೆ ಇನ್ನೊಂದು ಬಿಲ್ಲು ಕೊಡ್ಬೇಕಾಗುತ್ತೆ ನೀವು.”

ಅವನು ಜೋರಾಗಿ ನಕ್ಕ. “ನಮ್ಮ ಶ್ವಾಬಿಯಾದ ಜಿಪುಣರಿಗೆ ಇದೊಂದು ಬೆದರಿಕೆ ಸಾಕು! ಹತ್ತಿ, ಬೇಗ ಇಳೀರಿ.”

ಅವನ ಪಕ್ಕದಲ್ಲೇ ಮೆಟ್ಟಿಲು ಹತ್ತಿದೆ. ನಾವು ಹೊರಬಂದ ಮೇಲೆ ಅವನು ನೆಲಮಾಳಿಗೆಯ ಚಿಲಕ ಹಾಕಿದ್ದು ಕೇಳಿಸಿತು. ಚಿಲಕ ಹೊರಗಿತ್ತು.

ಮಾಳಿಗೆಯ ಕಿಂಡಿಯಿಂದ ಸೂರಿನ ಮೇಲೆ ಬಂದೆ. ಅವನು ಹಿಂಬಾಲಿಸಲಾರದ ಜಾಗ ಅದೊಂದೇ. ಹೆಂಚಿನ ಮೇಲೆ ಹಿಮ ಗಟ್ಟಿಯಾಗಿತ್ತು. ಚಿಮಣಿಗೆ ಬೆನ್ನು ಕೊಟ್ಟು ಟಿಲ್ಮಾನ್‌ರ ನಂಬರು ಒತ್ತಿದೆ. ಒಂದು ಕೈಯಿಂದ ಕುಂಚದ ಸರಪಳಿಯನ್ನು ಚಿಮಣಿಯೊಳಗೆ ಎಳೆದಾಡಿಸುತ್ತಲೇ ಇದ್ದೆ. ಸದ್ದು ನಿಂತರೆ ಅವನು ಕೂಗುತ್ತಾನೆ.

ಟಿಲ್ಮಾನ್ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಎಷ್ಟು ಜನ, ಬಾಗಿಲು ಎಷ್ಟು, ಗಂಡಸರು ಎಷ್ಟು ಎಂದು ವಿಚಾರಿಸಿದರು. ಆಮೇಲೆ, “ಅರ್ಧ ಗಂಟೆ ಬೇಕು, ದಾರಿಯೆಲ್ಲ ಹಿಮ. ನಿಮ್ಮ ಕೆಲಸ ಮುಗೀತು ಐಸೆಲೆ ಅವರೇ. ಇಳಿದು ಕಾರು ಹತ್ತಿ ಹೊರಟುಬಿಡಿ. ಅಲ್ಲಿ ನಿಲ್ಲಬೇಡಿ, ದಮ್ಮಯ್ಯ,” ಎಂದರು.

ಕೆಳಗೆ ನೋಡಿದೆ. ಅಂಗಳದಲ್ಲಿ ಬಿಳಿ ವ್ಯಾನು, ಗಡ್ಡದವನೊಬ್ಬ ಚೀಲಗಳನ್ನು ಅದಕ್ಕೆ ಎಸೆಯುತ್ತಿದ್ದ. ಅದರ ಹಿಂದೆ, ಕಲ್ಲುಗೋಡೆಗಳ ನಡುವಿನ ಇಕ್ಕಟ್ಟು ಗೇಟಿನಲ್ಲಿ, ನನ್ನ ಕಾರು. ಅದೊಂದು ಅಲ್ಲಿಂದ ಸರಿದರೆ ವ್ಯಾನಿಗೆ ದಾರಿ.

ಅಜ್ಜಿ ದಿನಾ ಸಂಜೆ ಬಾಯಿಪಾಠ ಮಾಡಿಸುತ್ತಿದ್ದ ಬೈಬಲಿನ ಕೀರ್ತನೆ ಹೇಳಿಕೊಳ್ಳಲು ನೋಡಿದೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಹತ್ತೂ ಐವತ್ತು ಆಗಿತ್ತು. ಕುಂಚ ಸುತ್ತಿಕೊಂಡು ಇಳಿದೆ.

ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಹೆಂಗಸರು ಒಬ್ಬರ ಹಿಂದೊಬ್ಬರು ಹೊರಬರುತ್ತಿದ್ದರು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ಏಳಲಾರದವಳನ್ನು ಇಲಿಂಕಾ ತೋಳು ಹಿಡಿದು ನಡೆಸುತ್ತಿದ್ದಳು. ನನ್ನ ಗುರುತೇ ಇಲ್ಲದವಳಂತೆ ನೆಲ ನೋಡಿದಳು.

“ನಮ್ಮ ಕೆಲಸದವರು,” ಎಂದ ಕ್ನಾಪ್. ನಗು ಈಗ ಇರಲಿಲ್ಲ. “ಏನೇನೋ ಯೋಚ್ನೆ ಮಾಡ್ಬೇಡಿ. ಮುಗೀತಲ್ಲ? ಕಾರು ತೆಗೀರಿ, ನಾವು ಹೊರಡ್ಬೇಕು.”

ಗಡ್ಡದವನು ಚೀಲ ಕೆಳಗಿಟ್ಟು ನನ್ನ ಕಡೆ ಬಂದ. ಕೀಲಿ ನನ್ನ ಜೇಬಿನಲ್ಲಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ರಸ್ತೆಯ ಕಡೆಯಿಂದ ಯಾವ ಸದ್ದೂ ಇಲ್ಲ, ಹಿಮ ಮಾತ್ರ. ಕ್ನಾಪ್ ಒಂದು ಹೆಜ್ಜೆ ಹತ್ತಿರ ಬಂದ. ಅವನ ಉಸಿರಿನ ಕಾಫಿ ವಾಸನೆ ಮೂಗಿಗೆ ಬಂತು.

“ಕೇಳಿಸ್ಲಿಲ್ವಾ? ಒಳ್ಳೆ ಮಾತಲ್ಲಿ ಹೇಳ್ತಿದೀನಿ. ಕಾರು ತೆಗೀರಿ.”

“ಇಲ್ಲ,” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. “ತೆಗೆಯೋದಿಲ್ಲ.”