ಹೊಟ್ಟೆಯೊಳಗಿನ ಬಲೂನು

"ಅಕ್ಕಾ! ನೀಲಿ! ನೀಲಿ ಬಂತು!"

ಬೆಳಬೆಳಗ್ಗೆ ಬಚ್ಚಲುಮನೆಯಿಂದ ಎದ್ದ ಕೂಗಿಗೆ ಎದುರು ಮನೆಯ ಕಿಟಕಿಗಳೂ ತೆರೆದುಕೊಂಡವು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವವನು ಅವನು. ಮೆಲ್ಲಗೆ ಮಾತಾಡುವುದು ಅವನ ಜಾಯಮಾನವೇ ಅಲ್ಲ.

ಐದು ತಿಂಗಳ ಹಿಂದೆ ಹೊಟ್ಟೆ ಕಿರಿದು ಮಾಡಿಸುವ ಆಪರೇಷನ್ನಿಗೆಂದು ಹೋದಾಗ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: "ನೂರಾ ತೊಂಬತ್ತು ಕೆ.ಜಿ. ಇದ್ದೀರಿ. ಲಿವರ್ ಕೊಬ್ಬು ತುಂಬಿ ಊದಿದೆ, ಒಳಗೆ ಕೈಯಾಡಿಸೋಕೂ ಜಾಗ ಇಲ್ಲ. ಮೊದಲು ತೂಕ ಇಳೀಲಿ, ಆಮೇಲೆ ಕತ್ತರಿ." ಬರೀ ಪಥ್ಯ ಸಾಲದೆಂದು ಬಾಯಿಂದ ಹೊಟ್ಟೆಗೆ ಬಲೂನೊಂದನ್ನು ಇಳಿಸಿ, ನೀಲಿ ನೀರು ತುಂಬಿಸಿದ್ದರು. ಮೊದಲ ವಾರ ವಾಂತಿ ಮಾಡಿ ಮಾಡಿ ಹಣ್ಣಾದ. ಆಮೇಲೆ ಅರ್ಧ ಬಟ್ಟಲು ಸೂಪಿಗೇ ಹೊಟ್ಟೆ ಬಿರಿಯತೊಡಗಿತು. ಮೂತ್ರ ನೀಲಿಯಾದರೆ ಬಲೂನು ಸೋರಿದೆ ಎಂದರ್ಥ, ಓಡಿ ಬನ್ನಿ ಎಂದಿದ್ದರು.

ಅಕ್ಕ ಕಾರು ಕಲಿಸುವವಳು. ಆಗಷ್ಟೇ ಪಾಠಕ್ಕೆ ಬಂದಿದ್ದ ಬ್ಯಾಂಕ್ ಮ್ಯಾನೇಜರನ್ನು ಹಿಂದಿನ ಸೀಟಿಗೆ ದಬ್ಬಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಳು.

"ಹೆದರ್ಬೇಡ ಕಣೋ!"

"ಯಾರು ಹೆದರಿದ್ರು? ತಪಾಸಣೆಗೆ ಇನ್ನೂ ಒಂದು ತಿಂಗಳಿತ್ತು. ಈಗ ಇವತ್ತೇ ತೂಕ ನೋಡ್ಲೇಬೇಕಲ್ಲ! ಬೇಗ ಹೋಗು!"

"ಬಲೂನು ಒಡೆದಿದೆ, ನಿನಗೆ ಹುರುಪು ಬೇರೆ!" ಎಂದು ಗದರಿದವಳು ಕೆಂಪು ದೀಪವನ್ನೂ ನೋಡದೆ ನುಗ್ಗಿದಳು.

ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಬಾಯಿಂದ ಕೊಳವೆ ಇಳಿಸಿದಾಗ, ಮುದುಡಿದ ಬಲೂನು ಕರುಳಿಗೆ ಜಾರುವ ಮೊದಲೇ ಸಿಕ್ಕಿತು. ಮಂಪರು ಇಳಿದ ಮೇಲೆ ತೂಕ ನೋಡಿದರು, ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಪರದೆಯ ಹತ್ತಿರ ಬಾಗಿದರು. ಮಲಗಿದ್ದಲ್ಲಿಂದಲೇ ಅವನೂ ಕತ್ತು ಚಾಚಿದ.

"ಮೂವತ್ತೆರಡು ಕೆ.ಜಿ. ಇಳಿದಿದ್ದೀರಿ. ಲಿವರ್ ಚೆನ್ನಾಗಿ ಕುಗ್ಗಿದೆ. ಮುಂದಿನ ತಿಂಗಳು ಆಪರೇಷನ್."

"ಇವತ್ತೇ ಮಾಡ್ಬಿಡಿ! ಹೇಗೂ ಖಾಲಿ ಹೊಟ್ಟೇಲಿದ್ದೀನಿ!"

"ಹೊಟ್ಟೆಗೆ ಸ್ವಲ್ಪ ಸುಧಾರಿಸಿಕೊಳ್ಳೋಕೆ ಬಿಡಿ ಮಾರಾಯ್ರೇ," ಡಾಕ್ಟರಮ್ಮ ನಕ್ಕರು. "ಅಲ್ಲೀವರೆಗೂ ಬರೀ ದ್ರವ ಆಹಾರ. ಒಂದು ಕೆ.ಜಿ. ಏರಿದ್ರೂ ನನಗೆ ಮುಖ ತೋರಿಸ್ಬೇಡಿ."

ಅಕ್ಕ ಅತ್ತಳು, ಅಳು ನಿಂತೊಡನೆ ತಮ್ಮನ ಬೆನ್ನಿಗೊಂದು ಗುದ್ದಿದಳು. ಹೊರಗೆ ಬೆಂಚಿನ ಮೇಲೆ ಮ್ಯಾನೇಜರು ಇನ್ನೂ ಕೂತೇ ಇದ್ದರು. ಅವನು ಅವರನ್ನು ಬಾಚಿ ತಬ್ಬಿದ ರಭಸಕ್ಕೆ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು.

"ವಾಪಸ್ಸು ಇವರೇ ಓಡಿಸ್ಲಿ ಅಕ್ಕ, ಪಾಪ!"

ಕಾರು ಕಪ್ಪೆಯಂತೆ ಕುಪ್ಪಳಿಸಿ ಹೊರಟಿತು. ಒಂದೊಂದು ನೆಗೆತಕ್ಕೂ ಅವನು ಕೇಕೆ ಹಾಕಿ ನಗುತ್ತಿದ್ದ.