ಸಾವಿನ ಮನೆಯ ಹಂಡೆ

"ಬಾಗಿಲು ತೆಗೀತೀಯೋ, ಒದ್ದು ಬರ್ಲೋ?" ಮನೆಯೊಡತಿ ಮ್ಮಾ ಗಾವೊನೆ ಹೊರಗಿನಿಂದ ಕೂಗಿದಳು.

ಮುತಿಂತಾ ಹಾಸಿಗೆ ಬಿಟ್ಟು ಏಳಲಿಲ್ಲ. ಪಕ್ಕದ ಅಂಗಳದಲ್ಲಿ ಬೆಳಗಿನಿಂದ ಸೌದೆ ಒಡೆಯುವ ಸದ್ದು. ಮುದುಕ ಬಶಿ ತೀರಿಕೊಂಡಿದ್ದ. ನಾಳೆ ನಸುಕಿಗೆ ಮಣ್ಣು.

"ಮೈ ಸರಿ ಇಲ್ಲಮ್ಮಾ."

"ಸತ್ತವನಿಗಿಂತ ಸರಿ ಇದ್ದೀಯ ತಾನೆ? ಏಳು. ಸಾವಿಗೆ ಹೋಗದೋರ ಸಾವಿಗೂ ಯಾರೂ ಬರಲ್ಲ."

ಮುತಿಂತಾ ಜಾಂಬಿಯಾದವಳು, ಹನ್ನೊಂದು ವರ್ಷ ಹೋಟೆಲಿನಲ್ಲಿ ಅಡುಗೆ ಮಾಡಿದವಳು. ನದಿಯ ಈಚೆ, ಬೋಟ್ಸ್ವಾನಾದ ಕಸಾನೆಯ ಲಾಡ್ಜೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಪರವಾನಗಿ ಇನ್ನೇನು ಬಂದೇಬಿಡುತ್ತದೆ, ಸದ್ಯಕ್ಕೆ ಪ್ರವಾಸಿಯಾಗಿ ಬಾ ಎಂದಿದ್ದರು. ತೊಂಬತ್ತು ದಿನದ ಅವಧಿ, ಇವತ್ತು ಎಪ್ಪತ್ತೆಂಟನೆಯದು. "ಕಾಗದ ಬರೋವರೆಗೆ ಸೌಟು ಮುಟ್ಟಿದ್ದು ಕಂಡ್ರೆ ಸೇತುವೆ ದಾಟಿಸಿಬಿಡ್ತೀನಿ" ಎಂದು ವಲಸೆ ಕಚೇರಿಯ ತಾಪೆಲೊ ಗಾಜಿನ ಹಿಂದಿನಿಂದ ಹೇಳಿದ್ದ. ಊರಲ್ಲಿ ಇಬ್ಬರು ಮಕ್ಕಳ ಓದು ಈ ಕೆಲಸವನ್ನೇ ನಂಬಿತ್ತು. ಹೋದ ತಿಂಗಳು, ಸಾಕಿ ಬೆಳೆಸಿದ ಚಿಕ್ಕಮ್ಮ ಸತ್ತ ಸುದ್ದಿ ಬಂದಾಗಲೂ, ಒಮ್ಮೆ ಆಚೆ ಹೋದರೆ ಮತ್ತೆ ಒಳಗೆ ಬಿಡದಿದ್ದರೆ ಎಂದು ಹೆದರಿ ಹೋಗಲಿಲ್ಲ. ಅಳಲೂ ಇಲ್ಲ. ಹೋಗದವಳಿಗೆ ಅಳುವ ಹಕ್ಕೆಲ್ಲಿದೆ ಅನ್ನಿಸಿತ್ತು.

ಸಾವಿನ ಮನೆಯ ಅಂಗಳದಲ್ಲಿ ಹೆಂಗಸರು ಎಲೆಕೋಸಿನ ರಾಶಿಯ ಸುತ್ತ ಕೂತಿದ್ದರು. ಮುತಿಂತಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು.

"ಇವಳೇನು ಮದುಮಗಳಾ?" ಒಬ್ಬಳು ಕೇಳಿದಳು.

"ನನ್ನ ಹತ್ರ ಕಾಗದ ಇಲ್ಲಕ್ಕಾ. ಕೆಲಸ ಮಾಡೋ ಹಾಗಿಲ್ಲ."

"ಕೋಸು ಹೆಚ್ಚೋಕೂ ಕಾಗದವಂತೆ! ನಮ್ಮ ಕೋಸಿಗೆ ಓದೋಕೆ ಬರಲ್ಲ ತಾಯಿ."

ಎಲ್ಲರೂ ನಕ್ಕರು. ಆಮೇಲೆ ಯಾರೂ ಅವಳನ್ನು ಮಾತಾಡಿಸಲಿಲ್ಲ.

ಆಗ ತಳ ಹತ್ತುವ ವಾಸನೆ ಬಂತು. ಹನ್ನೊಂದು ವರ್ಷದ ಅಭ್ಯಾಸ ತಲೆಯನ್ನು ಕೇಳಿ ಏಳುವುದಿಲ್ಲ. ಮುತಿಂತಾ ಬೇಲಿ ಪಕ್ಕದ ಒಲೆಯ ಕಡೆ ಓಡಿದಳು; ಹಂಡೆ ನೋಡಬೇಕಾದ ಗಂಡಸರು ಸೌದೆಯ ಕಡೆ ಇದ್ದರು. ಮೂರು ಕಾಲಿನ ಕಬ್ಬಿಣದ ಹಂಡೆಯ ಕೆಳಗಿನ ಕೊಳ್ಳಿಗಳನ್ನು ಎಳೆದಳು, ಬಿಸಿನೀರು ಸುರಿದಳು, ಕೋಲು ಹಾಕಿ ಮಾಂಸವನ್ನು ಮೇಲಕ್ಕೆ ಮಗುಚಿದಳು. ತಲೆ ಎತ್ತಿದಾಗ ಅಂಗಳವಿಡೀ ಅವಳತ್ತ ತಿರುಗಿತ್ತು. ಸಾವಿನ ಮಾಂಸ ಬೇಯಿಸುವವರು ಗಂಡಸರು. ಆ ಹಂಡೆಗೆ ಹೆಂಗಸು ಕೈ ಹಾಕಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹೋಟೆಲಿನ ಹಂಡೆಗೆ ಗಂಡು ಹೆಣ್ಣಿನ ಭೇದವಿಲ್ಲ; ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಸೌದೆ ಹೊತ್ತು ತಂದವನೊಬ್ಬ ಹೊರೆ ಇಳಿಸಿ ಎದುರಿಗೆ ನಿಂತ. ಮಡಚಿದ ಅಂಗಿತೋಳು, ಮೊಣಕೈವರೆಗೆ ಬೂದಿ. ತಾಪೆಲೊ. ಸತ್ತ ಮುದುಕ ಅವನ ಸೋದರಮಾವ.

ಮುತಿಂತಾ ಒಂದು ಹೆಜ್ಜೆ ಹಿಂದೆ ಸರಿದಳು. ಕೋಲು ಕೈಯಲ್ಲೇ ಇತ್ತು.

ಅವನು ಬಗ್ಗಿ ಹಂಡೆಯೊಳಗೆ ನೋಡಿದ. "ಉಳೀತು," ಎಂದ. "ಕೋಲು ಕೊಡಮ್ಮ ಇಲ್ಲಿ. ಹೆಂಗಸು ಮಗುಚಿದ್ದು ಅಂತ ತಿಳಿದ್ರೆ ನಮ್ಮ ಮಾವ ಪೆಟ್ಟಿಗೆಯಿಂದ ಎದ್ದು ಬರ್ತಾನೆ."

ಗಂಡಸರು ನಕ್ಕರು.

"ಸಾರ್, ನಾನು ಕೆಲಸ ಮಾಡ್ತಿರ್ಲಿಲ್ಲ. ಕಳಿಸ್ಬೇಡಿ."

ತಾಪೆಲೊ ಕೋಲು ಹಿಡಿದು ಅವಳನ್ನೇ ನೋಡಿದ. "ಇಲ್ಲಿ ಯಾರಮ್ಮ ಕೆಲಸ ಮಾಡ್ತಿರೋದು? ಸಾವಿಗೆ ಬಂದಿದೀವಿ. ಹೋಗು, ಹೆಂಗಸರ ಜೊತೆ ಕೂತ್ಕೋ."

"ಮತ್ತೆ ಪರವಾನಗಿ?"

"ಅದು ಸೋಮವಾರ, ಗಾಜಿನ ಹಿಂದೆ. ಬರುತ್ತೋ ಇಲ್ವೋ, ದೇವರಾಣೆ ನಂಗೂ ಗೊತ್ತಿಲ್ಲ."

ಅವಳು ಹಿಂದಿರುಗಿದಾಗ ಅವಳ ಜಾಗದಲ್ಲಿ ಒಂದು ಚಾಕು, ಒಂದು ಮಣೆ ಇದ್ದವು. ಕೂತು ಹೆಚ್ಚತೊಡಗಿದಳು, ದಾರದಷ್ಟು ತೆಳ್ಳಗೆ. ಚಿಕ್ಕಮ್ಮನ ಅಂಗಳದಲ್ಲೂ ಹೆಂಗಸರು ಹೀಗೇ ಕೂತಿದ್ದಿರಬೇಕು, ತನ್ನನ್ನೊಬ್ಬಳನ್ನು ಬಿಟ್ಟು. ನಾಲ್ಕನೆಯ ಕೋಸಿಗೆ ಚಾಕು ಕಾಣದಂತಾಯಿತು. ಕಣ್ಣೀರು ಮಣೆಯ ಮೇಲೆ ತೊಟ್ಟಿಕ್ಕಿತು.

ಎಲೆಕೋಸಿಗೆ ಕಣ್ಣು ಉರಿಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮ್ಮಾ ಗಾವೊನೆ ಇನ್ನೊಂದು ಕೋಸನ್ನು ಅವಳತ್ತ ಉರುಳಿಸಿ, "ಇದನ್ನೂ ಹೆಚ್ಚು ಮಗಳೇ" ಎಂದಳು.